ಕಾಗುಣಿತಕ್ಕೆ ಕಾಲು ಗಂಟೆ

ಮಕ್ಕಳಿಗೆ ಓದುಬರಹ ಕಲಿಸುವುದು ಶಾಲೆಯ ಕೆಲಸ, ಹೊಟ್ಟೆಬಟ್ಟೆ ನೋಡುವುದು ಮನೆಯ ಕೆಲಸ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿದೆ. ತಂದೆತಾಯಿಗಳಿಗೆ ಅಕ್ಷರ ಬಾರದ ಮನೆಗಳಲ್ಲಂತೂ ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ನಮ್ಮ ಮನೆಯಿಂದ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಆದುದರಿಂದ ಈ ಮಾತಿನ ಹಿಂದಿರುವ ಸಂಕೋಚವನ್ನು ನಾನು ಬಲ್ಲೆನು. ಆದರೂ ಈ ಅಭಿಪ್ರಾಯವು ಸರಿಯಲ್ಲವೆಂದೂ, ಚಿಕ್ಕ ಮಗುವಿನ ಓದಿಗೆ ಮನೆಯವರು ದಿನಕ್ಕೆ ಕಾಲು ಗಂಟೆ ಕಿವಿಗೊಟ್ಟರೆ ಬಹಳ ಉಪಕಾರವಾಗುವುದೆಂದೂ, ಹಾಗೆ ಕಿವಿಗೊಡುವವರಿಗೆ ಅಕ್ಷರ ಬರಲೇಬೇಕೆಂಬ ನಿಯಮವಿಲ್ಲವೆಂದೂ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಶಾಲೆಯ ಸ್ಥಿತಿಯನ್ನು ನೋಡೋಣ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಮುಂದೆ ನಾಡಿನ ಸರ್ಕಾರಿ ಕನ್ನಡ ಶಾಲೆಗಳಲ್ಲೆಲ್ಲ ಹರಡಿತು. ಇದರಲ್ಲಿ ಕೆಳಗಿನ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ಕುಳಿತು, ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕಲಿಯುತ್ತಾರೆ. ಪದ್ಧತಿಯೇನೋ ಒಳ್ಳೆಯದೇ. ಆದರೆ ಒಬ್ಬರೇ ಉಪಾಧ್ಯಾಯರು ಒಂದೊಂದು ಮಗುವಿನ ಓದನ್ನೂ ದಿನವೂ ಕೇಳುವುದೆಂತು? ಇಪ್ಪತ್ತೈದು ಮಕ್ಕಳಿಗೆ ಎರಡೆರಡು ನಿಮಿಷವೆಂದರೂ ಐವತ್ತು ನಿಮಿಷ ಬೇಕು. ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲ ಪಾಠಗಳನ್ನೂ ಓದಿಯೇ ಕಲಿಯಬೇಕಾಗುತ್ತದೆ. ಆಗ ತಡವರಿಸಿ ಓದುವ ಮಗುವು ದಡ್ಡನೆಂಬ ಹೆಸರು ಪಡೆದು ಹಿಂದಿನ ಸಾಲಿಗೆ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಶಾಲೆಯನ್ನೇ ಬಿಡುತ್ತದೆ. ನನ್ನ ಜೊತೆಯಲ್ಲಿ ಒಂದನೆಯ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹೀಗೆ ಸದ್ದಿಲ್ಲದೆ ಸರಿದುಹೋದರು!

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಬಹುಮಂದಿ ‘ಹತ್ತು ಸಲ ಬರೆ’ ಎನ್ನುತ್ತಾರೆ. ಇದರಿಂದ ಮಗುವಿನ ಕೈ ನೋಯುವುದೇ ಹೊರತು ಓದು ಬರುವುದಿಲ್ಲ. ಅಕ್ಷರವೆಂಬುದು ಚಿತ್ರವಲ್ಲ, ದನಿಯ ಗುರುತು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ವರ್ಣಮಾಲೆಯ 49 ಅಕ್ಷರಗಳ ಜೋಡಣೆಯನ್ನೇ ನೋಡಿರಿ. ವರ್ಗಾಕ್ಷರಗಳು ಗಂಟಲಿನ ಬಳಿಯ ‘ಕ’ದಿಂದ ಹೊರಟು, ಅಂಗಳು ಹಲ್ಲುಗಳನ್ನು ಹಾದು, ‘ಪ’ ವರ್ಗದಲ್ಲಿ ತುಟಿಗೆ ಬಂದು ನಿಲ್ಲುತ್ತವೆ. ‘ಕಕ್ಕೆ ಗುಡಿಸು ಕಿ, ಕಕ್ಕೆ ಕೊಂಬು ಕು’ ಎಂದು ರಾಗವಾಗಿ ಹೇಳುತ್ತ ಬರೆಯುವ ಕಾಗುಣಿತದಲ್ಲಿಯೂ ಕಿವಿ, ಬಾಯಿ, ಕೈ ಮೂರೂ ಒಟ್ಟಿಗೆ ದುಡಿಯುತ್ತವೆ. ದನಿಯನ್ನು ಬಿಟ್ಟು ಬರಿಯ ತಿದ್ದುವಿಕೆ ಉಳಿದಲ್ಲಿ ಕಲಿಕೆ ಕೆಡುತ್ತದೆ.

ನಲಿ-ಕಲಿಯಲ್ಲಿ ಅ, ಆ, ಇ, ಈ ಎಂದು ಮೊದಲಿಡದೆ ರ, ಗ, ಸ, ದ, ಅ ಎಂಬ ಐದಕ್ಷರಗಳಿಂದ ಆರಂಭಿಸುತ್ತಾರೆ. ‘ಶಾಲೆಗೆ ಸೇರಿ ತಿಂಗಳಾಯಿತು, ಅ ಆ ಇ ಈ ಬರುವುದಿಲ್ಲ’ ಎಂದು ಮನೆಯ ಹಿರಿಯರು ಗೊಣಗುವುದುಂಟು. ಅಂಥವರು ಮಗುವಿನಿಂದ ‘ಸರ, ಅರಸ, ಅಗಸ, ಗರಗಸ’ ಎಂದು ಓದಿಸಿ ನೋಡಲಿ. ಐದೇ ಅಕ್ಷರ ಬಲ್ಲ ಮಗುವು ಅರ್ಥವುಳ್ಳ ಮಾತುಗಳನ್ನು ಓದುತ್ತದೆ. ಓದಿನ ಸವಿ ಹತ್ತುವುದು ಇಲ್ಲಿಯೇ. ಓದಿಗೆ ಶಾಲೆಯ ಕ್ರಮವಿರಲಿ, ನಾಲಿಗೆಗೆ ವರ್ಣಮಾಲೆಯ ಕ್ರಮವಿರಲಿ. ಎರಡಕ್ಕೂ ಜಗಳವಿಲ್ಲ.

ಇನ್ನು ತಪ್ಪುಗಳ ವಿಷಯ. ಮಗುವು ತಪ್ಪಾಗಿ ಬರೆದುದು ಬಹುಮಟ್ಟಿಗೆ ತಾನು ಕೇಳಿದಂತೆಯೇ ಬರೆದುದಾಗಿರುತ್ತದೆ. ನಮ್ಮ ಕಡೆಯ ಮನೆಮಾತಿನಲ್ಲಿ ‘ಹ’ಕಾರ ಬಿದ್ದುಹೋಗುತ್ತದೆ. ಎರಡನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದು, ಕೆಂಪು ಗೀಟು ಹಾಕಿಸಿಕೊಂಡು ಬಂದಳು. ‘ನೀನು ಏಳ್ದಂಗೇ ಬರ್ದೆ ಕಣಜ್ಜಿ’ ಎಂದು ನನ್ನ ತಾಯಿಯ ಮೇಲೆ ಮುನಿಸಿಕೊಂಡಳು. ಅಕ್ಷರವರಿಯದ ನನ್ನ ತಾಯಿ ಹೇಳಿದ್ದು ಇಷ್ಟೆ: ‘ಎಂಗಂದ್ರೂ ಬೆಳ್ಳಗೇ ಇರ್ತದೆ ಕಣವ್ವ. ಮನೇಲಿ ನಮ್ಮಂಗೆ ಕೇಳು, ಪುಸ್ತಕದಲ್ಲಿ ಮೇಷ್ಟ್ರು ಏಳ್ದಂಗೆ ಬರಿ.’ ಮನೆಮಾತು ತಪ್ಪಲ್ಲ, ಬರವಣಿಗೆಯ ರೀತಿ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ಮನೆಯ ಮಾತಿಗಾಗಿ ಮಗುವನ್ನು ಹೀಯಾಳಿಸಿದರೆ ಅದು ಮಾತನ್ನೂ ಬಿಡುತ್ತದೆ, ಓದನ್ನೂ ಬಿಡುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ಆ’ ಎನ್ನಿಸಿ, ‘ಹಾ’ ಎನ್ನಿಸಿದರೆ ಉಸಿರು ತಾಕುವ ಅಂತರ ಮಗುವಿಗೇ ತಿಳಿಯುತ್ತದೆ. ಕ-ಖ, ಟ-ಠಗಳಿಗೂ ಇದೇ ಉಪಾಯ. ‘ಸೂರ್ಯ’ ಎಂಬಲ್ಲಿ ರಕಾರ ಮೊದಲು ಕೇಳಿಸಿದರೂ ಅರ್ಕಾವತ್ತನ್ನು ಕೊನೆಯಲ್ಲಿ ಬರೆಯುವುದರಿಂದ ಮಗುವು ತಬ್ಬಿಬ್ಬಾಗುವುದು ಸಹಜ. ‘ಸೂರ್’, ‘ಯ’ ಎಂದು ಬಿಡಿಸಿ ಹೇಳಿಸಿ, ಆಮೇಲೆ ಬರೆಯಿಸಬೇಕು.

ಇಂಗ್ಲಿಷಿನ ಕಷ್ಟ ಬೇರೆ ಬಗೆಯದು. 2007-08ನೆಯ ಸಾಲಿನಿಂದ ಸರ್ಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಅದನ್ನು ಕಲಿಸುತ್ತಿದ್ದಾರೆ. ಅಲ್ಲಿ 26 ಅಕ್ಷರಗಳು ಸುಮಾರು 44 ದನಿಗಳ ಹೊರೆ ಹೊರಬೇಕು. ‘ಬಿ ಎ ಟಿ ಬ್ಯಾಟ್’ ಎಂದು ಮಕ್ಕಳು ಕೂಗುತ್ತಾರೆ. ಆದರೆ ಬಿ, ಎ, ಟಿ ಎಂಬ ಹೆಸರುಗಳನ್ನು ಎಷ್ಟು ಕೂಡಿಸಿದರೂ ಬ್ಯಾಟ್ ಆಗದು. ‘ಬ್’, ‘ಆ್ಯ’, ‘ಟ್’ ಎಂಬ ದನಿಗಳನ್ನು ಕೂಡಿಸಿದರೆ ಪದವು ತಾನಾಗಿ ಬಾಯಿಗೆ ಬರುತ್ತದೆ. ‘ಪುಟ್’, ‘ಬಟ್’ ಎರಡಕ್ಕೂ ನಡುವೆ ಒಂದೇ ಅಕ್ಷರವಿದ್ದು ದನಿ ಬೇರೆಯಾಗುವುದರಿಂದ, ಇಂಥ ಮೊಂಡು ಪದಗಳನ್ನು ಮಾತ್ರ ಬಾಯಿಪಾಠ ಮಾಡಿಸಬೇಕು. ‘ಕ್’ಗೆ ‘ಅ’ ಸೇರಿ ‘ಕ’ ಆಯಿತೆಂದು ಬಲ್ಲ ಕನ್ನಡದ ಮಗುವಿಗೆ ದನಿ ಕೂಡಿಸುವ ಈ ವಿದ್ಯೆ ಹೊಸದಲ್ಲ. ಕನ್ನಡ ಗಟ್ಟಿಯಾದರೆ ಇಂಗ್ಲಿಷಿಗೂ ದಾರಿಯಾಗುತ್ತದೆ ಎಂದು ನಾನು ನಂಬಿರುವುದು ಈ ಕಾರಣದಿಂದ.

ಅಕ್ಷರ ಬಾರದವರು ಇದರಲ್ಲಿ ಏನು ಮಾಡಬಲ್ಲರೆಂದು ಕೇಳಬಹುದು. ಸೊಪ್ಪು ಬಿಡಿಸುತ್ತ ‘ಮ ಅನ್ನೋದ್ರಿಂದ ಸುರುವಾಗೋ ಮಾತು ಹೇಳು’ ಎನ್ನಬಲ್ಲರು. ಮಗುವು ಮಡಕೆ, ಮಂಡಕ್ಕಿ, ಮಲ್ಲಿಗೆ ಎಂದು ಹುಡುಕುತ್ತದೆ. ಪಾಠವನ್ನು ಗಟ್ಟಿಯಾಗಿ ಓದಿಸಿ ಕೇಳಬಲ್ಲರು. ಅರ್ಥ ಕೆಟ್ಟರೆ ಅದು ಕಿವಿಗೆ ತಿಳಿಯುತ್ತದೆ. ‘ಇನ್ನೊಂದು ಸಲ ಓದು’ ಎನ್ನಲು ಅಕ್ಷರ ಬೇಕಿಲ್ಲ. ಮೊಬೈಲು ಅಕ್ಷರಮಾಲೆಯನ್ನು ಹಾಡಿ ತೋರಿಸಬಲ್ಲುದು. ಅಜ್ಜಿಯಂತೆ ಕೇಳಿ ತಲೆದೂಗಲಾರದು. ಕಾಲು ಗಂಟೆಗಿಂತ ಹೆಚ್ಚು ಬೇಡ, ಬೈಗುಳವಂತೂ ಬೇಡವೇ ಬೇಡ.

ಮಿತ್ರರೇ, ಈ ಕಾಲೇಜಿನಲ್ಲಿ ನನ್ನಂತೆ ಮನೆಯ ಮೊದಲ ಪದವೀಧರರಾಗಲಿರುವವರು ಅನೇಕರಿದ್ದೀರಿ. ನಮ್ಮ ತಮ್ಮಂದಿರು, ತಂಗಿಯರು, ಅಕ್ಕನ ಮಕ್ಕಳು ಓದುವಾಗ ಪಕ್ಕದಲ್ಲಿ ಕುಳಿತುಕೊಳ್ಳುವ ಹೊಣೆ ನಮ್ಮದು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಊರ ಬೀದಿ ಗುಡಿಸುವುದರ ಜೊತೆಗೆ, ಸಂಜೆಯ ಒಂದು ಗಂಟೆಯನ್ನು ಆ ಊರಿನ ಮಕ್ಕಳ ಓದು ಕೇಳುವುದಕ್ಕೆ ಮೀಸಲಿಡಬೇಕೆಂದು ಅಧ್ಯಾಪಕ ವರ್ಗದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಮನೆಯ ಮೊದಲ ಪದವೀಧರನೇ ಆ ಮನೆಯ ಕೊನೆಯ ಪದವೀಧರನೂ ಆಗಬಾರದು.