ಒಂದೇ ಬಾಗಿಲ ಮಾರುಕಟ್ಟೆ

ದಾವಣಗೆರೆಯ ಕೃಷಿ ಮಾರುಕಟ್ಟೆ ಪ್ರಾಂಗಣಕ್ಕೆ ಮೆಕ್ಕೆಜೋಳ ತರುವ ರೈತನಿಗೆ ದಲ್ಲಾಳಿಗಳ ಮೇಲೆ ನೂರೆಂಟು ದೂರುಗಳಿರಬಹುದು. ಆದರೆ ಪ್ರಾಂಗಣದ ಉಸ್ತುವಾರಿ ಹೊತ್ತ ಸಮಿತಿ ತಾನೇ ಜೋಳದ ವ್ಯಾಪಾರಕ್ಕೆ ಇಳಿಯುವುದಿಲ್ಲ. ಅದೇ ರೈತನ ಜೇಬಿನಲ್ಲಿರುವ ಸ್ಮಾರ್ಟ್‌ಫೋನಿನ ಮಾರುಕಟ್ಟೆ ಹಾಗಲ್ಲ. ಅಲ್ಲಿ ಬಾಗಿಲು ಕಾಯುವವರು, ಸುಂಕ ವಸೂಲು ಮಾಡುವವರು, ಒಳಗೆ ಸ್ವಂತ ಅಂಗಡಿ ಇಟ್ಟವರು ಎಲ್ಲರೂ ಒಬ್ಬರೇ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಪ್ಲೇ ಸ್ಟೋರ್, ಐಫೋನಿನಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್. ಡಿಜಿಟಲ್ ಸರಕಿನ ಮಾರಾಟದ ಮೇಲೆ ಇವು ವರ್ಷಗಳಿಂದ ಶೇ 15ರಿಂದ 30ರಷ್ಟು ಕಮಿಷನ್ ಪಡೆಯುತ್ತ ಬಂದಿವೆ.

ಈ ವ್ಯವಸ್ಥೆಯನ್ನು ಪ್ರಶ್ನಿಸಿದ್ದು ಭಾರತೀಯ ಸ್ಪರ್ಧಾ ಆಯೋಗ. 2022ರ ಅಕ್ಟೋಬರ್‌ನಲ್ಲಿ ಅದು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿತಲ್ಲದೆ, ಪ್ರತಿಸ್ಪರ್ಧಿ ಆ್ಯಪ್ ಮಳಿಗೆಗಳಿಗೆ ಪ್ಲೇ ಸ್ಟೋರ್‌ನಲ್ಲೇ ಸ್ಥಾನ ನೀಡುವಂತೆ ಸೂಚಿಸಿತು. 2023ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದರೂ ಈ ಸೂಚನೆಯನ್ನು ರದ್ದುಪಡಿಸಿತು. ನನ್ನ ದೃಷ್ಟಿಯಲ್ಲಿ ದಂಡಕ್ಕಿಂತ ಮುಖ್ಯವಾಗಿದ್ದುದು ಆ ಸೂಚನೆಯೇ. 2024ರ ಫೆಬ್ರುವರಿಯಲ್ಲಿ ಫೋನ್‌ಪೇ ಸಂಸ್ಥೆ ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಆರಂಭಿಸಿತು. ಆದರೆ ಫೋನಿನ ಮುಖ್ಯ ಬಾಗಿಲಲ್ಲಿ ಜಾಗವಿಲ್ಲದ ಅಂಗಡಿಗೆ ಗಿರಾಕಿ ಬರುವುದು ಹೇಗೆ?

ಇದು ಬೆಂಗಳೂರಿನ ದೊಡ್ಡ ಕಂಪನಿಗಳ ಜಗಳ ಮಾತ್ರವಲ್ಲ. 2024ರ ಮಾರ್ಚ್ 1ರಂದು ಶುಲ್ಕದ ವಿವಾದದಲ್ಲಿ ಗೂಗಲ್, ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮೊದಲಾದ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿತು. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿದ ಮೇಲೆ ಅವು ಕೆಲವೇ ದಿನಗಳಲ್ಲಿ ಮರಳಿದವು. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜಿನಿಂದ ಹೊರಬಂದು ಪುಟ್ಟದೊಂದು ಆ್ಯಪ್ ಕಟ್ಟಿದ ಯುವಕರಿಗೆ ಈ ಗತಿ ಬಂದರೆ ಯಾವ ಮಂತ್ರಿ ಮಾತನಾಡುತ್ತಾರೆ? ಒಂದೇ ಸಂಸ್ಥೆಯನ್ನು ನೆಚ್ಚಿ ಬದುಕುವ ಕಷ್ಟ ಪಕ್ಕದ ಹರಿಹರಕ್ಕೆ ಚೆನ್ನಾಗಿ ಗೊತ್ತು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಬಾಗಿಲು ಮುಚ್ಚಿದಾಗ ಅದರ ಬಿಸಿ ಕಾರ್ಮಿಕರ ಮನೆಗಳಾಚೆಗೂ ತಟ್ಟಿತ್ತು.

ಬಾಗಿಲು ತೆರೆದರೆ ಕಳ್ಳರೂ ಬರುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮದುವೆ ಕರೆಯೋಲೆಯ, ಸಂಚಾರ ದಂಡದ ಸೋಗಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ನಕಲಿ ಎಪಿಕೆ ಕಡತಗಳಿಂದ ಬ್ಯಾಂಕ್ ಖಾತೆಗಳೇ ಬರಿದಾದ ಉದಾಹರಣೆಗಳಿವೆ. 2020ರಲ್ಲಿ ಕರ್ನಾಟಕವು ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಅವಕಾಶ ನೀಡಿ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದಾಗ ರೈತ ಸಂಘಟನೆಗಳು ಎತ್ತಿದ ಪ್ರಶ್ನೆಯೂ ಇದೇ ಬಗೆಯದು: ಹೊರಗೆ ತೂಕಕ್ಕೆ, ಹಣಕ್ಕೆ ಹೊಣೆ ಯಾರು? ಆದರೆ ಅಪರಿಚಿತರು ಕಳುಹಿಸಿದ ಕಡತ ಬೇರೆ, ಹೊಣೆ ಹೊತ್ತ ಮಳಿಗೆ ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ತಡೆಯುವುದು ನ್ಯಾಯವಲ್ಲ.

ಜಗತ್ತು ಈ ದಾರಿಯಲ್ಲಿ ಈಗಾಗಲೇ ಹೆಜ್ಜೆ ಇಟ್ಟಿದೆ. ಕಾನೂನಿನ ಒತ್ತಡಕ್ಕೆ ಮಣಿದು ಆ್ಯಪಲ್ 2024ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದಲ್ಲಿ, 2025ರ ಡಿಸೆಂಬರ್‌ನಲ್ಲಿ ಜಪಾನ್‌ನಲ್ಲಿ ಪರ್ಯಾಯ ಮಳಿಗೆಗಳಿಗೆ ದಾರಿ ಬಿಟ್ಟಿತು. ನಮ್ಮಲ್ಲಿಯೂ 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಪ್ರಕಟವಾಯಿತು. ಅನ್ಯಾಯ ನಡೆದ ವರ್ಷಗಳ ನಂತರ ದಂಡ ಹಾಕುವುದಕ್ಕಿಂತ, ದೈತ್ಯ ಸಂಸ್ಥೆಗಳಿಗೆ ಮೊದಲೇ ಗೆರೆ ಎಳೆಯಬೇಕೆಂಬುದು ಅದರ ಆಶಯ.

ಆ ಆಶಯಕ್ಕೆ ಕಾನೂನಿನ ಬಲ ಬೇಕು. ಪರ್ಯಾಯ ಮಳಿಗೆಗಳು ನೋಂದಣಿ ಮಾಡಿಸಿಕೊಳ್ಳಲಿ, ಪ್ರತಿ ಆ್ಯಪ್ ಅನ್ನು ತಪಾಸಣೆಗೆ ಒಳಪಡಿಸಲಿ, ಗ್ರಾಹಕನಿಗೆ ವಂಚನೆಯಾದರೆ ಉತ್ತರದಾಯಿಯಾಗಲಿ, ದೂರನ್ನು ಕನ್ನಡದಲ್ಲಿಯೂ ಆಲಿಸಲಿ. ಇದೇ ನಿಯಮ ಗೂಗಲ್‌ಗೂ ಆ್ಯಪಲ್‌ಗೂ ಅನ್ವಯಿಸಲಿ. ಸುರಕ್ಷತೆಯ ಮಾನದಂಡ ನಿರ್ಧರಿಸುವ ಅಧಿಕಾರ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿರಬೇಕೇ ಹೊರತು, ಪೈಪೋಟಿ ಬಂದರೆ ವರಮಾನ ಕಳೆದುಕೊಳ್ಳುವ ವ್ಯಾಪಾರಿಯ ಕೈಯಲ್ಲಲ್ಲ.