ಕರಪತ್ರದಲ್ಲಿ ಬಾರದ ಸುದ್ದಿ

ಕಳೆದ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಬೆಳಿಗ್ಗೆ ವೃತ್ತಪತ್ರಿಕೆಯ ಮಡಿಕೆಯಿಂದ ಒಂದು ಕರಪತ್ರವು ಜಾರಿ ನಮ್ಮ ಜಗಲಿಯ ಮೇಲೆ ಬಿದ್ದಿತು. ನಮ್ಮ ವಿಧಾನಸಭಾ ಕ್ಷೇತ್ರದ ಶಾಸಕರು ಮತದಾರರ ತಿಳಿವಳಿಕೆಗಾಗಿ ಹೊರಡಿಸಿದ ಸಮಾಚಾರ ಪತ್ರವದು. ನುಣುಪಾದ ಕಾಗದ, ಎಂಟು ಪುಟ, ಬಣ್ಣದ ಅಚ್ಚು. ಮೂವತ್ತೈದು ವರ್ಷ ಮಕ್ಕಳ ಬರವಣಿಗೆಯನ್ನು ತಿದ್ದಿದ ಅಭ್ಯಾಸಬಲದಿಂದ ನಾವು ಕೆಂಪು ಮಸಿಯ ಲೇಖನಿಯನ್ನು ಹಿಡಿದುಕೊಂಡೇ ಓದಲು ಕುಳಿತೆವು. ಕಾಗುಣಿತದ ತಪ್ಪುಗಳು ಏಳು ದೊರೆತುವು, ಅದು ಹಾಗಿರಲಿ.

ಪತ್ರದಲ್ಲಿದ್ದ ಸಮಾಚಾರಗಳು ವಾಚಕರಿಗೆ ಅಪರಿಚಿತವಾದುವೇನೂ ಅಲ್ಲ. ಎರಡು ರಸ್ತೆಗಳಿಗೆ ಭೂಮಿಪೂಜೆ, ಒಂದು ಸಮುದಾಯ ಭವನದ ಪ್ರಾರಂಭೋತ್ಸವ, ತುಂಬಿದ ಕೆರೆಗೆ ಬಾಗಿನ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮೇಲ್ತರಗತಿಯಲ್ಲಿ ತೇರ್ಗಡೆಯಾದ ಮಕ್ಕಳಿಗೆ ಸನ್ಮಾನ, ಉಚಿತ ನೇತ್ರ ಚಿಕಿತ್ಸೆಯ ಶಿಬಿರ, ಕಬಡ್ಡಿ ಪಂದ್ಯ. ಕೊನೆಯ ಪುಟದಲ್ಲಿ ಮುಂದಿನ ಜನಸಂಪರ್ಕ ಸಭೆಯ ದಿನ ಮತ್ತು ಸ್ಥಳ. ಇವುಗಳನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಆ ನೇತ್ರ ಶಿಬಿರದ ದೆಸೆಯಿಂದ ನಮ್ಮ ಬೀದಿಯಲ್ಲಿಯೇ ಇಬ್ಬರು ಪೊರೆ ತೆಗೆಯಿಸಿಕೊಂಡು ಈಗ ಪಂಚಾಂಗವನ್ನು ಕನ್ನಡಕದ ಸಹಾಯದಿಂದ ತಾವೇ ನೋಡಿಕೊಳ್ಳುತ್ತಿದ್ದಾರೆ. ಉಪಕಾರವನ್ನು ಉಪಕಾರವೆಂದು ಒಪ್ಪಿಕೊಳ್ಳದವನು ಗೃಹಸ್ಥನೇ ಅಲ್ಲ.

ನಾವು ಓದುತ್ತಿರುವಾಗ ಎದುರು ಮನೆಯ ವೃದ್ಧೆಯೊಬ್ಬರು ಬಂದು ಜಗಲಿಯ ಅಂಚಿನಲ್ಲಿ ಕುಳಿತರು. ಆಕೆಗೆ ಎಪ್ಪತ್ತೆರಡು ವಯಸ್ಸು, ಮಕ್ಕಳು ದೂರ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ ಬರುತ್ತಿದ್ದುದು ಏಳು ತಿಂಗಳಿಂದ ನಿಂತುಹೋಗಿದ್ದಿತು. ನಾಡಕಚೇರಿಗೆ ನಾಲ್ಕು ಸಲ, ಬ್ಯಾಂಕಿಗೆ ಮೂರು ಸಲ ನಡೆದುದಾಗಿದ್ದಿತು. ಬಣ್ಣದ ಪುಟಗಳನ್ನು ದೂರದಿಂದಲೇ ನೋಡಿ ಆಕೆ, "ಮೇಷ್ಟ್ರೇ, ಅದರಲ್ಲಿ ನಮ್ಮ ದುಡ್ಡಿನ ಸುದ್ದಿ ಏನಾದರೂ ಬರೆದಿದ್ದಾರೆಯೇ?" ಎಂದು ಕೇಳಿದರು. ನಾವು ಇನ್ನೊಮ್ಮೆ ಮೊದಲಿನಿಂದ ಕಡೆಯವರೆಗೆ ಹುಡುಕಿದೆವು. ಇರಲಿಲ್ಲ.

ಜನಸಂಪರ್ಕ ಸಭೆಯ ದಿನ ಆಕೆಯನ್ನು ಕರೆದುಕೊಂಡು ನಾವೇ ಹೋದೆವು. ಶಾಮಿಯಾನದ ಕೆಳಗೆ ನೂರಾರು ಜನ, ಕೈಯಲ್ಲಿ ಅರ್ಜಿ. ವೃದ್ಧಾಪ್ಯದ ವೇತನ ನಿಂತುಹೋದವರದೇ ಒಂದು ಪ್ರತ್ಯೇಕವಾದ ಸಾಲು. ನಮ್ಮ ಮುಂದೆ ಹನ್ನೊಂದು ಮಂದಿ ನಿಂತಿದ್ದರು, ಅವರಲ್ಲಿ ಒಬ್ಬಾಕೆ ಕೋಲೂರಿಕೊಂಡು. ಅಷ್ಟರಲ್ಲಿ ಶಾಸಕರ ಆಪ್ತ ಸಹಾಯಕನು ನಮ್ಮನ್ನು ಕಂಡು ಓಡಿಬಂದು ಕಾಲುಮುಟ್ಟಿ ನಮಸ್ಕರಿಸಿದನು. ಆತನು ಒಂದಾನೊಂದು ಕಾಲದಲ್ಲಿ ನಮ್ಮ ತರಗತಿಯ ಮೂರನೆಯ ಬೆಂಚಿನಲ್ಲಿ ಕುಳಿತವನು. ಸಂಧಿ ಸಮಾಸಗಳಲ್ಲಿ ಅವನಿಗೆ ಯಾವ ಕಾಲಕ್ಕೂ ಆಸಕ್ತಿ ಹುಟ್ಟಲಿಲ್ಲ, ಆದರೆ ಮನಸ್ಸು ಒಳ್ಳೆಯದು. "ನೀವೇಕೆ ಸಾಲಿನಲ್ಲಿ ನಿಂತಿರಿ ಮೇಷ್ಟ್ರೇ?" ಎಂದು ನಮ್ಮಿಬ್ಬರನ್ನೂ ನೇರವಾಗಿ ಶಾಸಕರ ಬಳಿಗೆ ಕರೆದೊಯ್ದನು. ಶಾಸಕರು ಗೌರವದಿಂದ ಮಾತನಾಡಿಸಿದರು. ತಹಸೀಲ್ದಾರರಿಗೆ ಆಗಲೇ ದೂರವಾಣಿಯಲ್ಲಿ ಹೇಳಿದರು. ಬ್ಯಾಂಕಿನ ಖಾತೆಗೂ ಆಧಾರ್ ಸಂಖ್ಯೆಗೂ ಜೋಡಣೆ ತಪ್ಪಿದ್ದೇ ಕಾರಣವೆಂದು ಮರುದಿನ ತಿಳಿದುಬಂದಿತು. ಐದು ವಾರಗಳೊಳಗೆ ಹಣವೂ ಬಂದಿತು.

ಆಕೆಗೆ ಸಂತೋಷವಾಯಿತು. ನಮಗೂ ಆಯಿತು. ಆದರೆ ಅಂದು ರಾತ್ರಿ ಊಟಕ್ಕೆ ಕುಳಿತಾಗ ನಮ್ಮ ಮನೆಯವರು, "ಮುಂದೆ ನಿಂತಿದ್ದ ಆ ಹನ್ನೊಂದು ಜನರ ಗತಿ ಏನಾಯಿತು?" ಎಂದು ಕೇಳಿದರು. ಉತ್ತರ ಹೇಳಲು ನಮಗೆ ನಾಲಗೆ ಹೊರಳಲಿಲ್ಲ. ಅವರಿಗೆ ಮೇಷ್ಟ್ರಿರಲಿಲ್ಲ, ಅಥವಾ ಇದ್ದ ಮೇಷ್ಟ್ರ ಶಿಷ್ಯರು ಬೇರೆ ಕಡೆ ಇದ್ದರು. ಆಯುಷ್ಯವೆಲ್ಲ ಮಕ್ಕಳಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದ ನಾವು ಅಂದು ಸಾಲನ್ನು ದಾಟಿ ಹೋಗಿದ್ದೆವು.

ಈ ಲಜ್ಜೆಯೇ ನಮ್ಮನ್ನು ಈ ವಿಷಯವನ್ನು ಕುರಿತು ಸ್ವಲ್ಪ ಆಲೋಚಿಸುವಂತೆ ಮಾಡಿತು.

ಪ್ರತಿನಿಧಿ ಎಂಬ ಶಬ್ದವು ನಮ್ಮವರಿಗೆ ಯಜ್ಞಶಾಲೆಯಿಂದ ಬಂದುದು. ಸೋಮಲತೆಯು ದೊರೆಯದಿದ್ದರೆ ಅದರ ಸ್ಥಾನದಲ್ಲಿ ಪೂತೀಕವೆಂಬ ಬಳ್ಳಿಯನ್ನು ಇಡಬಹುದು. ಹಾಗೆ ಇಟ್ಟುದು ಪ್ರತಿನಿಧಿ. ಯಾವುದಕ್ಕೆ ಪ್ರತಿನಿಧಿಯುಂಟು, ಯಾವುದಕ್ಕಿಲ್ಲ ಎಂದು ಮೀಮಾಂಸಕರು ದೀರ್ಘವಾಗಿ ಚರ್ಚಿಸಿದ್ದಾರೆ. ದ್ರವ್ಯಕ್ಕೆ ಉಂಟು, ಆದರೆ ಯಜಮಾನನಿಗೆ ಸಾಮಾನ್ಯವಾಗಿ ಪ್ರತಿನಿಧಿಯಿಲ್ಲವೆಂದು ಅವರ ಸಿದ್ಧಾಂತ, ಏಕೆಂದರೆ ಕರ್ಮದ ಫಲವು ಸೇರತಕ್ಕುದು ಅವನಿಗೆ. ಮತ ಕೊಟ್ಟು ಮನೆಗೆ ಬಂದ ಮೇಲೆ ನಮ್ಮ ಕೆಲಸ ತೀರಿತೆಂದು ಭಾವಿಸುವ ಗೃಹಸ್ಥರು ಈ ಸೂಕ್ಷ್ಮವನ್ನು ಸ್ವಲ್ಪ ಗಮನಿಸಬೇಕು. ಇನ್ನು ಶಾಸಕ ಎಂಬ ಮಾತು. ಅದು ಆಜ್ಞೆಮಾಡುವುದು, ಶಿಕ್ಷಿಸುವುದು ಎಂಬರ್ಥದ ಧಾತುವಿನಿಂದ ಹುಟ್ಟಿತು. ಶಿಷ್ಯ ಎಂಬುದೂ ಅದೇ ಧಾತುವಿನ ಮಗು. ಇದನ್ನು ನಮ್ಮ ಹಳೆಯ ಶಿಷ್ಯನಿಗೆ ಹೇಳಿದ್ದರೆ ಆತನು ಗಡಿಯಾರವನ್ನು ನೋಡಿಕೊಳ್ಳುತ್ತಿದ್ದನು.

ಮೈಸೂರು ಸಂಸ್ಥಾನದ ಹಿರಿಯರಿಗೆ ಪ್ರಜಾಪ್ರತಿನಿಧಿ ಸಭೆಯ ನೆನಪು ಪರಂಪರೆಯಿಂದ ಬಂದಿರುತ್ತದೆ. 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ದಸರೆಯ ಸಂದರ್ಭದಲ್ಲಿ ಅದು ಮೊದಲು ಸೇರಿತು. ಬಂದವರು 144 ಮಂದಿ ಸದಸ್ಯರು, ಹೆಚ್ಚಾಗಿ ಭೂಮಾಲೀಕರು ಮತ್ತು ವರ್ತಕರು. ರೈಲು ಮೈಸೂರನ್ನು ಇನ್ನೂ ಮುಟ್ಟದಿದ್ದ ಕಾಲ. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಒಂದು ಬಿಡಿಕಾಸನ್ನು ಮಂಜೂರು ಮಾಡುವ ಅಧಿಕಾರವೂ ಇರಲಿಲ್ಲ. ಸರ್ಕಾರದ ನಡೆವಳಿಕೆಯನ್ನು ಪ್ರಜೆಗಳಿಗೂ ಪ್ರಜೆಗಳ ಕೊರತೆಯನ್ನು ಸರ್ಕಾರಕ್ಕೂ ತಿಳಿಯಪಡಿಸುವುದೊಂದೇ ಅದರ ಉದ್ದೇಶ. ಕೊಡಿಸಲು ಏನೂ ಇಲ್ಲದಿದ್ದುದರಿಂದ ಆ ಸದಸ್ಯರಿಗೆ ಕೇಳುವುದೇ ಕೆಲಸವಾಗಿದ್ದಿತು. ದಿವಾನರ ಭಾಷಣಗಳೂ ಸಭೆಯ ನಡೆವಳಿಗಳೂ ಅಚ್ಚಾಗುತ್ತಿದ್ದುವು. 1907ರಲ್ಲಿ ಶಾಸನ ಪರಿಷತ್ತು ಏರ್ಪಟ್ಟಿತು. 1949ರಲ್ಲಿ ಎರಡೂ ಮುಗಿದುವು.

ಈಗ ಅಧಿಕಾರವಿದೆ. ಕರ್ನಾಟಕದ ವಿಧಾನಸಭೆಗೆ 224 ಮಂದಿಯನ್ನು ನಾವು ಆರಿಸುತ್ತೇವೆ. 2023ರ ಚುನಾವಣೆಯಲ್ಲಿ ಮತದಾರರ ಸಂಖ್ಯೆ ಸುಮಾರು 5 ಕೋಟಿ 30 ಲಕ್ಷ. ಎಂದರೆ ಒಬ್ಬ ಶಾಸಕರಿಗೆ ಸರಾಸರಿ 2 ಲಕ್ಷ 37 ಸಾವಿರ ಮಂದಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿಗಳ ಏರ್ಪಾಡು. ಬಸ್ಸಿನ ತಂಗುದಾಣದ ಹಲಗೆಯ ಮೇಲೆ ಈ ನಿಧಿಯ ಹೆಸರನ್ನು ಕಂಡು ಶಾಸಕರು ತಮ್ಮ ಮನೆಯಿಂದ ತಂದು ಕೊಟ್ಟರೆಂದು ನಂಬಿರುವ ಸಾಧುಗಳನ್ನು ನಾವು ಬಲ್ಲೆವು. ಆ ಹಣ ಅವರ ಕೈಗೆ ಬರುವುದೇ ಇಲ್ಲ. ಅವರು ಕೆಲಸವನ್ನು ಸೂಚಿಸುತ್ತಾರೆ, ಜಿಲ್ಲಾಧಿಕಾರಿಗಳು ಮಂಜೂರು ಮಾಡಿ ಮಾಡಿಸುತ್ತಾರೆ. ಹಣ ನಮ್ಮದೇ.

ಲೆಕ್ಕದ ಮೇಷ್ಟ್ರು ನಾವಲ್ಲದಿದ್ದರೂ ಒಂದು ಭಾಗಾಹಾರವನ್ನು ಮಾಡಿ ನೋಡಿದೆವು. 2 ಕೋಟಿಯನ್ನು ಒಂದು ಕ್ಷೇತ್ರದ ಮತದಾರರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 85 ರೂಪಾಯಿಯೂ ಬೀಳುವುದಿಲ್ಲ. ಅದೇ ಶಾಸಕರು ವಿಧಾನಸಭೆಯಲ್ಲಿ ಕುಳಿತು ಒಪ್ಪಿಗೆ ಕೊಡುವ ರಾಜ್ಯದ ಆಯವ್ಯಯವು 2025-26ನೆಯ ಸಾಲಿನಲ್ಲಿ 4 ಲಕ್ಷ 9 ಸಾವಿರ ಕೋಟಿ ರೂಪಾಯಿಗಳನ್ನು ಮೀರಿದ್ದಿತು. ಅದನ್ನು ಹಾಗೆಯೇ ಹಂಚಿದರೆ ತಲೆಗೆ ಸುಮಾರು 77,000 ರೂಪಾಯಿ. ನಮ್ಮ ಕರಪತ್ರದ ಎಂಟು ಪುಟಗಳ ಬಹುಭಾಗವು 85 ರೂಪಾಯಿಯ ವರ್ತಮಾನ. 77,000ದ ವಿಷಯದಲ್ಲಿ ನಮ್ಮ ಪ್ರತಿನಿಧಿಗಳು ಏನು ಹೇಳಿದರು, ಯಾವುದನ್ನು ಆಕ್ಷೇಪಿಸಿದರು ಎಂಬುದಕ್ಕೆ ಅರ್ಧ ಪುಟವೂ ಮೀಸಲಾಗಿರಲಿಲ್ಲ. ಎದುರು ಮನೆಯಾಕೆಯ 1,200 ರೂಪಾಯಿ ಇದ್ದುದು ಈ ಎರಡನೆಯ ಗಂಟಿನಲ್ಲಿ.

ಕೇಳುವುದಕ್ಕೆ ದಾರಿಗಳಿಲ್ಲವೆಂದಲ್ಲ. ಸಭೆಯಲ್ಲಿ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳಬೇಕಾದುದು ಚುಕ್ಕೆ ಗುರುತಿನ ಪ್ರಶ್ನೆ. ಲಿಖಿತವಾಗಿ ಉತ್ತರ ಕೊಡುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅವಸರದ ಸಂಗತಿಗೆ ಗಮನ ಸೆಳೆಯುವ ಸೂಚನೆಯುಂಟು. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಕೂಡದೆಂದು ಸಂವಿಧಾನವೇ ಕಟ್ಟುಮಾಡಿದೆ. ಊರಿಗೆ ಬಂದರೆ ತಾಲ್ಲೂಕಿನ ಕೆ.ಡಿ.ಪಿ. ಸಭೆ, ಅಲ್ಲಿ ಶಾಸಕರೇ ಅಧ್ಯಕ್ಷರು, ಇಲಾಖೆಗಳ ಅಧಿಕಾರಿಗಳೆಲ್ಲ ಕಡತಗಳೊಡನೆ ಎದುರಿಗೆ ಕುಳಿತಿರುತ್ತಾರೆ. ಈ ತಾಲ್ಲೂಕಿನಲ್ಲಿ ಎಷ್ಟು ವೃದ್ಧರ ವೇತನ ನಿಂತಿದೆ, ಯಾವ ತಿಂಗಳಿಂದ, ಏಕೆ, ಎಂದಿಗೆ ಸರಿಹೋಗುವುದು ಎಂದು ಅಲ್ಲಿ ಒಂದು ಪ್ರಶ್ನೆ ಹುಟ್ಟಿದರೆ ಸಾಲಿನಲ್ಲಿದ್ದವರಿಗೂ, ಸಾಲಿಗೆ ಬರಲಾರದೆ ಮನೆಯಲ್ಲಿ ಮಲಗಿದ್ದವರಿಗೂ ಒಟ್ಟಿಗೆ ಉತ್ತರ ಬರುತ್ತದೆ. ದೂರವಾಣಿಯ ಕರೆಯಿಂದ ಒಂದು ಖಾತೆ ಸರಿಹೋಯಿತು. ಕರೆಯನ್ನು ನಾವು ಹೀಯಾಳಿಸುವುದಿಲ್ಲ. ಅದರ ಫಲವನ್ನು ಪಡೆದವರೇ ನಾವು. ಆದರೆ ಅದು ಗುರುತಿನವರಿಗೆ ಸಿಕ್ಕುವ ಪ್ರಸಾದ.

ಇಷ್ಟನ್ನು ಬರೆದು, ಶಾಸಕರನ್ನು ಸ್ವಲ್ಪ ಬಿಸಿಯಾಗಿಯೇ ಆಕ್ಷೇಪಿಸಬೇಕೆಂದು ನಾವು ಸಿದ್ಧವಾಗಿದ್ದಾಗ ಒಂದು ವಿಚಿತ್ರ ನಡೆಯಿತು. ರಜೆಗೆ ಬಂದಿದ್ದ ನಮ್ಮ ಮೊಮ್ಮಗನು, "ತಾತ, ಸಭೆಯ ಪ್ರಶ್ನೋತ್ತರಗಳು ಎಲ್ಲರಿಗೂ ದೊರೆಯುತ್ತವೆ, ನೋಡೋಣ" ಎಂದು ತನ್ನ ಮೊಬೈಲಿನಲ್ಲಿ ವಿಧಾನಸಭೆಯ ಜಾಲತಾಣವನ್ನು ತೆರೆದು ಹುಡುಕಿದನು. ನಮ್ಮ ಶಾಸಕರ ಪ್ರಶ್ನೆಗಳು ಅಲ್ಲಿ ಇದ್ದುವು! ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಉಪಾಧ್ಯಾಯರ ಹುದ್ದೆಗಳು ಎಷ್ಟು ತೆರವಾಗಿವೆ, ಎಂದಿಗೆ ತುಂಬುವಿರಿ ಎಂದು ಅವರು ಕೇಳಿದ್ದರು. ಮಂತ್ರಿಗಳು ಶಾಲಾವಾರು ಪಟ್ಟಿಯನ್ನು ಕೊಟ್ಟಿದ್ದರು. ನಾವು ಕೆಲಸಮಾಡಿದ ಶಾಲೆಯ ಹೆಸರೂ ಅದರಲ್ಲಿದ್ದಿತು. ನಿವೃತ್ತರಾದ ಮೇಲೆ ನಮ್ಮ ಕುರ್ಚಿ ತುಂಬಿಲ್ಲವೆಂಬುದು ನಮಗೆ ಗೊತ್ತಾದುದು ಹೀಗೆ.

ಮುಂದಿನ ವಾರ ಒಂದು ಮದುವೆಯ ಮನೆಯಲ್ಲಿ ಶಾಸಕರು ಎದುರಾದರು. ಪ್ರಶ್ನೆಯನ್ನು ಓದಿದೆವೆಂದು ಹೇಳಿದಾಗ ಅವರ ಮುಖದಲ್ಲಿ ಕಂಡ ಆಶ್ಚರ್ಯವನ್ನು ನಾವು ಮರೆಯಲಾರೆವು. ಅದನ್ನೇಕೆ ಕರಪತ್ರದಲ್ಲಿ ಅಚ್ಚುಹಾಕಿಸಲಿಲ್ಲವೆಂದು ಕೇಳಿದೆವು. "ಅದನ್ನು ಓದುವವರು ಯಾರು ಮೇಷ್ಟ್ರೇ? ಸಭೆಯಲ್ಲಿ ಎರಡು ದಿನ ಕುಳಿತು ಬಂದರೆ, ಊರಿನಲ್ಲಿ ಇರುವುದೇ ಇಲ್ಲ, ಮದುವೆಗೆ ಬರಲಿಲ್ಲ, ಸಾವಿಗೆ ಬರಲಿಲ್ಲ ಎನ್ನುತ್ತಾರೆ" ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ನಾವೂ ನಮ್ಮ ಮಗಳ ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಅಂದಿನ ಶಾಸಕರಿಗೆ ಕೊಟ್ಟು, ಅವರು ಬಾರದೆ ಇದ್ದುದಕ್ಕೆ ತಿಂಗಳುಗಟ್ಟಲೆ ಆಡಿಕೊಂಡವರು. ಅಂದು ಅಧಿವೇಶನ ನಡೆಯುತ್ತಿದ್ದಿತೇ ಎಂದು ವಿಚಾರಿಸಬೇಕೆಂಬ ಬುದ್ಧಿ ನಮಗೆ ಹೊಳೆಯಲಿಲ್ಲ.

ಆದುದರಿಂದ ಬಿಸಿಯಾದ ಆಕ್ಷೇಪಣೆಯನ್ನು ಬಿಟ್ಟು ಒಂದು ವಿಜ್ಞಾಪನೆಯನ್ನು ಬರೆದೆವು. ವೃದ್ಧಾಪ್ಯ ವೇತನಗಳು ನಿಂತಿರುವ ವಿಷಯವನ್ನು ಮುಂದಿನ ಕೆ.ಡಿ.ಪಿ. ಸಭೆಯಲ್ಲಿ ಇಡೀ ತಾಲ್ಲೂಕಿಗೆ ಸಂಬಂಧಿಸಿದಂತೆ ವಿಚಾರಿಸಬೇಕೆಂದೂ, ಅಲ್ಲಿ ಬಗೆಹರಿಯದಿದ್ದರೆ ವಿಧಾನಸಭೆಯಲ್ಲಿ ಪ್ರಶ್ನಿಸಬೇಕೆಂದೂ, ಇನ್ನು ಮುಂದೆ ಬರುವ ಕರಪತ್ರದಲ್ಲಿ ಶಾಸಕರು ಕೇಳಿದ ಪ್ರಶ್ನೆಗಳಿಗೂ ಬಂದ ಉತ್ತರಗಳಿಗೂ ಒಂದು ಪುಟವನ್ನು ಬಿಡಬೇಕೆಂದೂ ಅದರ ಸಾರಾಂಶ. ಸಾಲಿನಲ್ಲಿದ್ದ ಹನ್ನೊಂದು ಮಂದಿಯನ್ನು ಹುಡುಕಿ ಹೆಸರು, ಊರು, ಹಣ ನಿಂತ ತಿಂಗಳು ಇವುಗಳನ್ನು ಬರೆದುಕೊಳ್ಳಲು ನಮಗೆ ಹತ್ತು ದಿನ ಹಿಡಿಯಿತು. ಬೀದಿಯ ಗೃಹಸ್ಥರ ಸಹಿ ಹಾಕಿಸಲು ಹೊರಟಾಗ ಒಬ್ಬ ಮಹನೀಯರು, "ಇದರಿಂದ ನಮ್ಮ ಚರಂಡಿಯ ಕೆಲಸ ನಿಂತುಹೋಗುವುದಿಲ್ಲವಷ್ಟೆ?" ಎಂದು ಎರಡು ಸಲ ಕೇಳಿ ಲೇಖನಿಯನ್ನು ತೆಗೆದುಕೊಂಡರು. ಇನ್ನೊಬ್ಬರು ತೆಗೆದುಕೊಳ್ಳಲಿಲ್ಲ. ಎದುರು ಮನೆಯಾಕೆ ತಾವಾಗಿಯೇ ಬಂದು ಹೆಬ್ಬೆಟ್ಟನ್ನು ಒತ್ತಿದರು. ನಿಮ್ಮದು ಬಂದಾಯಿತಲ್ಲ ತಾಯಿ ಎಂದರೆ, "ನನ್ನದು ಬಂತು ಮೇಷ್ಟ್ರೇ, ಕೋಲೂರಿಕೊಂಡು ನಿಂತಿದ್ದಳಲ್ಲ, ಅವಳದು ಬರಬೇಡವೇ?" ಎಂದರು.

ಕಳೆದ ಸೋಮವಾರ ವಿಜ್ಞಾಪನೆಯನ್ನು ಶಾಸಕರ ಕಚೇರಿಗೆ ಕೊಂಡೊಯ್ದೆವು. ನಮ್ಮ ಹಳೆಯ ಶಿಷ್ಯನು ಎದ್ದು ಕುರ್ಚಿ ಹಾಕಿ, ಕಾಫಿ ತರಿಸಿ, ಪಟ್ಟಿಯ ಮೇಲೆ ಕಣ್ಣಾಡಿಸಿ, ದನಿಯನ್ನು ತಗ್ಗಿಸಿ, "ಮೇಷ್ಟ್ರೇ, ಇವರಲ್ಲಿ ನಿಮಗೆ ಬೇಕಾದವರು ಯಾರು?" ಎಂದು ಕೇಳಿದನು.

ಹನ್ನೊಂದು ಮಂದಿಯೂ ಎಂದೆವು. ಆತನು ಪಟ್ಟಿಯನ್ನು ಮೇಲಿನಿಂದ ಮತ್ತೊಮ್ಮೆ ಓದತೊಡಗಿದನು.