ಗೇಮ್‌ನೊಳಗಿನ ಬೆಳಕೂ ಒಂದು ಕಸುಬು

ಗೇಮ್, ಅನಿಮೇಶನ್‌ಗೆ ಬೆಳಕು ಕೂರಿಸುವ ಕೆಲಸ ಕಲಿಯುತ್ತೇನೆ ಎಂದು ಮಗ ಹೇಳಿದರೆ ನಮ್ಮ ಮನೆಗಳಲ್ಲಿ ಬರುವ ಉತ್ತರ: 'ಅದೆಲ್ಲ ಆಟ ಮಾರಾಯ.' ಆಟವಲ್ಲ. ಕಾವಿ ನೆಲಕ್ಕೆ ಬಿಸಿಲು ಬಿದ್ದರೆ ಪಕ್ಕದ ಬಿಳಿ ಗೋಡೆಗೂ ಸ್ವಲ್ಪ ಕೆಂಪು ಹತ್ತುತ್ತದಲ್ಲ, ಆ ಪುಟಿದ ಬೆಳಕನ್ನೂ ಲೆಕ್ಕ ಹಾಕಬೇಕು. 1986ರಲ್ಲಿ ಜೇಮ್ಸ್ ಕಜಿಯಾ ಅದಕ್ಕೊಂದು ಸಮೀಕರಣ ಕೊಟ್ಟರು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಸಾವಿರ ವರ್ಷ ಹಿಂದೆಯೇ ವಿವರಿಸಿದವರು ಬಸ್ರಾದ ಇಬ್ನುಲ್ ಹೈತಮ್. ಕಂಪ್ಯೂಟರ್ ಮಾತ್ರ ಲೆಕ್ಕ ಉಳಿಸಲಿಕ್ಕೆ ಹೆಚ್ಚಾಗಿ ಕಣ್ಣಿನ ಕಡೆಯಿಂದಲೇ ಹಿಂದಕ್ಕೆ ಹುಡುಕುತ್ತಾ ಹೋಗುತ್ತದೆ!

ಬ್ಲೆಂಡರ್ ತಂತ್ರಾಂಶ ಉಚಿತ. ಪಿಯುಸಿ ಮುಗಿಸಿ ಕೂತ ಹೆಣ್ಣುಮಕ್ಕಳೂ ಮನೆಯಲ್ಲೇ ಕಲಿಯಬಹುದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ದುಬಾರಿ, ನಿಜ. ಮದುವೆ ಮನೆಯ ದೀಪಾಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಒಂದು ಬಂದೀತು.